ಓವರ್‌ಕ್ಲಾಕ್, ಅಂಡರ್‌ವೋಲ್ಟ್, ವ್ಯಾಟ್ ಮಿತಿ: ಸ್ಟೀಮ್ ಡೆಕ್ ಮೇಲೆ ಮೂರನ್ನೂ ಪ್ರಯೋಗಿಸಿದಾಗ

ಸ್ಟೀಮ್ ಡೆಕ್ ಎಂಬುದು ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಕಂಪ್ಯೂಟರ್. ಅದರ ಚಿಪ್‌ಗೆ ನಿಗದಿಯಾಗಿರುವ ವಿದ್ಯುತ್ ಮಿತಿ 15 ವ್ಯಾಟ್. ಸಾಮಾನ್ಯ ಲೆಕ್ಕ ಮಾಡುವ ಸಿಪಿಯು, ಚಿತ್ರ ಮೂಡಿಸುವ ಜಿಪಿಯು ಎರಡೂ ಅದರಲ್ಲೇ ಪಾಲು ಮಾಡಿಕೊಳ್ಳಬೇಕು. ಒಂದು ಹೆಚ್ಚು ಎಳೆದುಕೊಂಡರೆ ಇನ್ನೊಂದಕ್ಕೆ ಕೊರತೆ. ಇದನ್ನು ಮೊದಲೇ ಮನಸ್ಸಿಗೆ ತಂದುಕೊಂಡಿದ್ದರೆ ಓವರ್‌ಕ್ಲಾಕ್‌ಗಾಗಿ, ಅಂದರೆ ಚಿಪ್ ಅನ್ನು ನಿಗದಿತ ವೇಗಕ್ಕಿಂತ ಮೇಲೆ ಓಡಿಸುವುದಕ್ಕಾಗಿ, ನಾನು ಎರಡು ವಾರ ಕೊಡುತ್ತಿರಲಿಲ್ಲ.

ನನ್ನದು 2022ರಲ್ಲಿ ಬಂದ ಎಲ್‌ಸಿಡಿ ಮಾದರಿ: 7 ನ್ಯಾನೊಮೀಟರ್ ಚಿಪ್, 40 ವ್ಯಾಟ್-ಅವರ್ ಬ್ಯಾಟರಿ. 2023ರ ಓಎಲ್‌ಇಡಿ ಮಾದರಿಯ ಚಿಪ್ 6 ನ್ಯಾನೊಮೀಟರ್‌ನದು, ಬ್ಯಾಟರಿಯೂ 50 ವ್ಯಾಟ್-ಅವರ್. ಇಲ್ಲಿನ ಅಂಕಿಗಳು ಅದಕ್ಕೆ ಹೊಂದುವುದಿಲ್ಲ. ಪ್ರತಿ ಬದಲಾವಣೆಯ ನಂತರವೂ ಒಂದೇ ಆಟದಲ್ಲಿ, ಜನಸಂದಣಿಯಿಂದ ತುಂಬಿದ ಒಂದೇ ಪೇಟೆಬೀದಿಯನ್ನು ಐದು ಬಾರಿ ಸುತ್ತಿ, ಪರದೆಯ ಮೂಲೆಯಲ್ಲಿ ಕಾಣುವ ಫ್ರೇಮ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ), ವ್ಯಾಟ್ ಮತ್ತು ತಾಪಮಾನಗಳನ್ನು ಬರೆದುಕೊಂಡೆ.

ಮೊದಲು ಓವರ್‌ಕ್ಲಾಕ್. ಜಿಪಿಯುವಿನ ಗರಿಷ್ಠ ವೇಗ 1600 ಮೆಗಾಹರ್ಟ್ಸ್. ಅದನ್ನು ದಾಟಲು ಹೊರಗಿನವರ ತಂತ್ರಾಂಶದಿಂದ ಬಯಾಸ್‌ನ (ಚಿಪ್‌ನ ಮೂಲ ಸೆಟ್ಟಿಂಗ್‌ಗಳಿರುವ, ಸಾಧನ ಶುರುವಾಗುವಾಗ ಓಡುವ ತಂತ್ರಾಂಶ) ಮಿತಿ ತೆಗೆಯಬೇಕು, ಅಪಾಯ ಅಲ್ಲಿಂದಲೇ ಶುರು. 15 ವ್ಯಾಟ್ ಮಿತಿಯನ್ನು ಹಾಗೆಯೇ ಉಳಿಸಿ 1800ಕ್ಕೆ ಏರಿಸಿದಾಗ ಆ ಬೀದಿಯಲ್ಲಿ ಸಿಕ್ಕಿದ್ದು ಮೊದಲಿನ 42 ಫ್ರೇಮ್‌ಗಳೇ. ಜನ ಹೆಚ್ಚಿದ್ದ ತಿರುವಿನಲ್ಲಿ ಇನ್ನೂ ಇಳಿಯಿತು, ಏಕೆಂದರೆ ಜಿಪಿಯು ಎಳೆದುಕೊಂಡ ಹೆಚ್ಚುವರಿ ವಿದ್ಯುತ್ ಸಿಪಿಯುವಿನ ಪಾಲಿನದಾಗಿತ್ತು. ಮಿತಿಯನ್ನು 20 ವ್ಯಾಟ್‌ಗೆ ಏರಿಸಿದ ಮೇಲೆ 45 ಬಂತು. ಮೂರು ಫ್ರೇಮ್‌ಗಳಿಗಾಗಿ ಚಿಪ್ 90 ಡಿಗ್ರಿ ದಾಟಿತು, ಫ್ಯಾನ್ ಸದ್ದು ಆಟದ ಸಂಗೀತವನ್ನು ಮುಚ್ಚಿತು, ಇಡೀ ಸಾಧನ 30 ವ್ಯಾಟ್‌ವರೆಗೆ ಎಳೆಯತೊಡಗಿತು. ಆ ಲೆಕ್ಕದಲ್ಲಿ ಪೂರ್ತಿ ಬ್ಯಾಟರಿ ಉಳಿಯುವುದು 80 ನಿಮಿಷ. ಸಿಪಿಯು, ಜಿಪಿಯು ಎರಡಕ್ಕೂ ಮೆಮೊರಿ ಒಂದೇ, ಸೆಕೆಂಡಿಗೆ 88 ಗಿಗಾಬೈಟ್‌ನ ದಾರಿ ಒಂದೇ. ಆ ದಾರಿ ಕಿರಿದಾದಲ್ಲಿ ಜಿಪಿಯುವಿನ ವೇಗ ಏರಿಸಿ ಪ್ರಯೋಜನವಿಲ್ಲ. ಕೈಯಲ್ಲಿ ಹಿಡಿದು ಆಡುವ ಸಾಧನಕ್ಕೆ ಇದನ್ನು ನಾನು ಯಾರಿಗೂ ಹೇಳುವುದಿಲ್ಲ.

ಅಂಡರ್‌ವೋಲ್ಟ್‌ನ, ಅಂದರೆ ಚಿಪ್‌ಗೆ ಕೊಡುವ ವೋಲ್ಟೇಜನ್ನು ಇಳಿಸುವುದರ, ಗಣಿತವೇ ಬೇರೆ. ಚಿಪ್ ಕೆಲಸ ಮಾಡುವಾಗ ಬಳಸುವ ವಿದ್ಯುತ್ ಕ್ಲಾಕ್ ವೇಗಕ್ಕೆ ನೇರ ಅನುಪಾತದಲ್ಲಿ ಏರಿದರೆ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 900 ಮಿಲಿವೋಲ್ಟ್‌ನಲ್ಲಿ 40 ಇಳಿಸಿದರೂ, ಅದೇ ವೇಗಕ್ಕೆ ಬೇಕಾಗುವ ಶಕ್ತಿಯಲ್ಲಿ ಸುಮಾರು 9 ಶೇಕಡಾ ಉಳಿತಾಯ. 15 ವ್ಯಾಟ್ ಮಿತಿಗೆ ಸದಾ ತಲೆ ಬಡಿಯುವ ಚಿಪ್ ಆ ಉಳಿತಾಯವನ್ನು ವೇಗವಾಗಿ ಬದಲಾಯಿಸಿಕೊಳ್ಳುತ್ತದೆ. ಅದೇ ಬೀದಿಯಲ್ಲಿ, ಅದೇ 15 ವ್ಯಾಟ್‌ನಲ್ಲಿ, ನನಗೆ 44 ಫ್ರೇಮ್ ಸಿಕ್ಕಿತು. ಓವರ್‌ಕ್ಲಾಕ್‌ಗಿಂತ ಒಂದೇ ಒಂದು ಕಡಿಮೆ. ಫ್ಯಾನ್ ಮೊದಲಿಗಿಂತ ಮೆಲ್ಲಗೆ.

ಆದರೆ ಇಲ್ಲಿ ಆತುರ ಕೂಡದು. ಧ್ವನಿ ಹೆಚ್ಚಿಸುವ ಗುಂಡಿ ಒತ್ತಿಹಿಡಿದು ಪವರ್ ಗುಂಡಿ ಒತ್ತಿದರೆ ಬಯಾಸ್ ತೆರೆಯುತ್ತದೆ. ಸಿಪಿಯು, ಜಿಪಿಯು, ಎಸ್‌ಒಸಿ (ಚಿಪ್‌ನ ಉಳಿದ ಭಾಗ) ಮೂರಕ್ಕೂ ಬೇರೆ ಬೇರೆ ವೋಲ್ಟೇಜ್ ಇಳಿಸಬಹುದು. ಮೊದಲ ದಿನ ಮೂರನ್ನೂ ಒಟ್ಟಿಗೆ 50 ಮಿಲಿವೋಲ್ಟ್ ಇಳಿಸಿದೆ. ಒಂದು ಗಂಟೆ ಭಾರಿ ಆಟ ಆಡಿದರೂ ಏನೂ ಆಗಲಿಲ್ಲ, ಗೆದ್ದೆನೆಂದುಕೊಂಡೆ. ನಿದ್ರಾಸ್ಥಿತಿಗೆ ಕಳಿಸಿದ ಡೆಕ್ ಮತ್ತೆ ಏಳಲೇ ಇಲ್ಲ. ಮಾರನೆಯ ದಿನ ಬರೀ ಮುಖಪುಟದಲ್ಲಿ ಸುಮ್ಮನಿದ್ದಾಗ ಪರದೆ ಹೆಪ್ಪುಗಟ್ಟಿತು. ಭಾರ ಕಡಿಮೆಯಿರುವಾಗ ಚಿಪ್‌ನ ವೋಲ್ಟೇಜ್ ಮೊದಲೇ ತಳಮಟ್ಟದಲ್ಲಿರುತ್ತದೆ, ಅದರಿಂದ ಮತ್ತೆ 50 ಕಳೆದರೆ ನಿಲ್ಲಲು ನೆಲೆಯಿಲ್ಲ. ಭಾರದ ಪರೀಕ್ಷೆಯಲ್ಲಿ ಪಾಸಾದ ಮಾತ್ರಕ್ಕೆ ಸೆಟ್ಟಿಂಗ್ ಗಟ್ಟಿಯೆಂದು ನಂಬಬೇಡಿ. ಹಗುರವಾದ ಹಳೆಯ ಆಟ, ಸುಮ್ಮನೆ ಬಿಟ್ಟ ಮುಖಪುಟ, ಹತ್ತಾರು ಬಾರಿ ನಿದ್ರೆ-ಎಚ್ಚರ, ದೊಡ್ಡ ಡೌನ್‌ಲೋಡ್ ಇವೆಲ್ಲವೂ ಪರೀಕ್ಷೆಯೇ.

ಆಮೇಲೆ ಒಂದು ಸಲಕ್ಕೆ ಒಂದೇ ಭಾಗ, ಹತ್ತು ಮಿಲಿವೋಲ್ಟ್‌ನ ಹೆಜ್ಜೆ, ಪ್ರತಿ ಹೆಜ್ಜೆಗೂ ಎರಡು ಮೂರು ದಿನದ ಸಾಮಾನ್ಯ ಬಳಕೆ ಎಂದು ನಿಯಮ ಮಾಡಿಕೊಂಡೆ. ಮೂರನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದ್ದೆಂದು ತಿಳಿಯುವುದಿಲ್ಲ. ನನ್ನ ಸಾಧನ ನಿಂತದ್ದು ಸಿಪಿಯು 30, ಜಿಪಿಯು 40, ಎಸ್‌ಒಸಿ 20ರಲ್ಲಿ. ತೊಂದರೆ ಕಂಡ ಮಟ್ಟದಿಂದ ಒಂದು ಹೆಜ್ಜೆ ಹಿಂದೆ ಸರಿದು ನಿಂತಿದ್ದೇನೆ, ಅಂಚಿನಲ್ಲೇ ಅಲ್ಲ. ವೋಲ್ಟೇಜ್ ಇಳಿಸಿದರೆ ಚಿಪ್ ಸುಡುವುದಿಲ್ಲ. ಕೆಡುವುದು ಲೆಕ್ಕ, ಲೆಕ್ಕದ ಜೊತೆಗೆ ಬರೆಯುತ್ತಿದ್ದ ಫೈಲ್. ಸೇವ್ ಫೈಲ್‌ಗಳ ಪ್ರತಿಯನ್ನು ಬೇರೆಡೆ ಇಟ್ಟೇ ಆರಂಭಿಸಿ. ಅಂಡರ್‌ವೋಲ್ಟ್ ಇರುವಾಗ ಸಿಸ್ಟಂ ಅಪ್‌ಡೇಟ್ ಹಾಕುವುದನ್ನು ನಾನು ಬಿಟ್ಟಿದ್ದೇನೆ. ಮೊದಲಿನ ವೋಲ್ಟೇಜ್‌ಗೆ ಮರಳಿಸಿ, ಅಪ್‌ಡೇಟ್ ಮುಗಿಸಿ, ಮತ್ತೆ ಇಳಿಸುತ್ತೇನೆ.

ಮೂರನೆಯ ದಾರಿಗೆ ಬಯಾಸ್ ಬೇಡ, ಧೈರ್ಯವೂ ಬೇಡ. ಆಟದ ನಡುವೆಯೇ ತೆರೆಯುವ ಪಕ್ಕದ ಮೆನುವಿನಲ್ಲಿ ಪರದೆಯನ್ನು 40 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 40 ಬಾರಿ ಚಿತ್ರ ಬದಲಿಸುವ ಮಟ್ಟಕ್ಕೆ, ಇಳಿಸಿ, ಚಿಪ್‌ನ ಮಿತಿಯನ್ನು 8 ವ್ಯಾಟ್‌ಗೆ ಕಟ್ಟಿದೆ. 40 ಎಂಬುದು ಸಂಖ್ಯೆಯಲ್ಲಿ 30ಕ್ಕೆ ಹತ್ತಿರ. ಆದರೆ ಕಣ್ಣಿಗೆ ಮುಖ್ಯವಾದುದು ಎರಡು ಫ್ರೇಮ್‌ಗಳ ನಡುವಿನ ಕಾಲ. 60ರಲ್ಲಿ ಅದು 16.7 ಮಿಲಿಸೆಕೆಂಡ್, 30ರಲ್ಲಿ 33.3, ನಲವತ್ತರಲ್ಲಿ ಸರಿಯಾಗಿ ಮಧ್ಯದ 25. ಆಟದ ದೃಶ್ಯ ಗುಣಮಟ್ಟವನ್ನು ಒಂದು ಮಟ್ಟ ಇಳಿಸಬೇಕಾಯಿತು, ನಿಜ. ಇಡೀ ಸಾಧನದ ಬಳಕೆ 14 ವ್ಯಾಟ್‌ಗೆ ಬಂದು, ಎರಡು ಗಂಟೆಯೂ ಬಾಳದ ಬ್ಯಾಟರಿ ಮೂರು ಗಂಟೆಯ ಹತ್ತಿರ ಬಂತು.

ಈಗ ನಾನು ಆಡುವುದು ಎರಡನೆಯದನ್ನೂ ಮೂರನೆಯದನ್ನೂ ಬೆರೆಸಿ. ನನ್ನ ಅಂಕಿಗಳನ್ನೇ ನೋಡಿ ಸ್ನೇಹಿತೆಯೊಬ್ಬಳು ಅದೇ ಮಾದರಿಯ ತನ್ನ ಡೆಕ್‌ನಲ್ಲಿ ಜಿಪಿಯು ವೋಲ್ಟೇಜ್ ಇಳಿಸಿದಳು. 20ಕ್ಕೇ ಅದು ಆಟದ ಮಧ್ಯೆ ಮರುಚಾಲನೆಗೊಂಡಿತು. ಒಂದೇ ಮಾದರಿಯ ಚಿಪ್‌ಗಳಲ್ಲೂ ಒಂದೊಂದರ ತಾಳಿಕೆ ಒಂದೊಂದು. ಅವಳು ವೋಲ್ಟೇಜನ್ನು ಮೊದಲಿನಂತೆಯೇ ಬಿಟ್ಟು, 40 ಹರ್ಟ್ಸ್ ಮತ್ತು 8 ವ್ಯಾಟ್‌ನಲ್ಲಿ ಆಡುತ್ತಿದ್ದಾಳೆ. ಬ್ಯಾಟರಿಯಲ್ಲಿ ನನಗೂ ಅವಳಿಗೂ ಇರುವ ಅಂತರ ಹದಿನೈದು ನಿಮಿಷ.