ಬಿಸಿಬೇಳೆಬಾತ್ ಪುಡಿ ಮಾರೋಕೆ ಆ್ಯಪ್ ಒಳ್ಳೆಯದಾ, ವಾಟ್ಸಾಪ್ ಒಳ್ಳೆಯದಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವಾಟ್ಸಾಪ್‌ಗೆ. ಎಂಟು ತಿಂಗಳು ಆ್ಯಪ್‌ನಲ್ಲಿ ಮಾರಿ ಕೈ ಸುಟ್ಟುಕೊಂಡ ಮೇಲೆ ಹೇಳುತ್ತಿರುವ ಮಾತಿದು.

ಬೆಂಗಳೂರಿನ ಹನುಮಂತನಗರದ ನಮ್ಮ ಮನೆಯಲ್ಲಿ ಅಮ್ಮ 20 ವರ್ಷದಿಂದ ಪುಡಿ ಮಾಡಿ ಮಾರುತ್ತಿದ್ದಾರೆ. ಗೊತ್ತಿದ್ದವರು ಮನೆಗೇ ಬಂದು ಒಯ್ಯುತ್ತಿದ್ದರು. ಕೊರೊನಾ ಆದಮೇಲೆ ಅವರಲ್ಲಿ ಎಷ್ಟೋ ಜನ ಮಕ್ಕಳ ಜೊತೆ ಸರ್ಜಾಪುರ, ವೈಟ್‌ಫೀಲ್ಡ್ ಕಡೆ ಹೋದರು. ಅಲ್ಲಿಂದ ಬರೋದು ಸುಲಭವಾ? ಹಾಗಾಗಿ ದಿನಸಿ ತಲುಪಿಸುವ ಒಂದು ಆ್ಯಪ್‌ಗೆ ಸೇರಿದೆವು.

200 ಗ್ರಾಂ ಪ್ಯಾಕೆಟ್‌ಗೆ 160 ರೂಪಾಯಿ. ಅವರ ಕಮಿಷನ್, ಆಫರ್ ಎಲ್ಲ ಕಳೆದು ನಮಗೆ ಸಿಗುತ್ತಿದ್ದದ್ದು 104. ಅದನ್ನೂ ತಡೆದುಕೊಳ್ಳಬಹುದಿತ್ತು.

ತಡೆಯಲಾಗದೇ ಹೋದದ್ದು ಕೊಬ್ಬರಿ ವಿಷಯ. ಅವರ ಗೋಡೌನ್‌ಗೆ ಮಾಲು ಹೋಗಬೇಕಾದರೆ ಪ್ಯಾಕೆಟ್ ಮೇಲೆ ಆರು ತಿಂಗಳ ಬಾಳಿಕೆ ಇರಬೇಕು ಅಂದರು. ನಮ್ಮ ಪುಡಿಗೆ ಹಾಕುವುದು ತಿಪಟೂರು ಕೊಬ್ಬರಿ. ಕೊಬ್ಬರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಎಣ್ಣೆಯೇ ಇರುತ್ತದೆ. ಬಿಸಿ ಗೋಡೌನ್‌ನಲ್ಲಿ ಎರಡು ತಿಂಗಳು ಇಟ್ಟರೆ ಕಮಟು ವಾಸನೆ ಬರುತ್ತದೆ. ‘ಕೊಬ್ಬರಿ ಬಿಟ್ಟು ಮಾಡೋಣ, ಬೇಕಾದವರು ಅಡುಗೆ ಮಾಡುವಾಗ ಹಾಕಿಕೊಳ್ಳಲಿ’ ಅಂತ ನಾನೇ ಅಮ್ಮನನ್ನು ಒಪ್ಪಿಸಿದೆ. ಅಮ್ಮ ಏನೂ ಮಾತಾಡಲಿಲ್ಲ, ಅಷ್ಟೆ.

ಬ್ಯಾಡಗಿ ಮೆಣಸಿನಕಾಯಿ, ಚಕ್ಕೆ, ಮರಾಠಿ ಮೊಗ್ಗು ಎಲ್ಲ ಅದೇ ಅಳತೆ. ಆದರೆ ಕೊಬ್ಬರಿಯನ್ನು ಸಣ್ಣ ಉರಿಯಲ್ಲಿ ಕೆಂಪಗೆ ಹುರಿದು ಬೆರೆಸಿದಾಗ ಪುಡಿ ಬೆರಳಿಗೆ ಸ್ವಲ್ಪ ಅಂಟುತ್ತದೆ, ಗಮ್ಮಂತ ಘಮ ಬರುತ್ತದೆ. ಹೊಸ ಪುಡಿ ಮರಳಿನ ಹಾಗೆ ಉದುರುತ್ತಿತ್ತು. ಹಳೇ ಗಿರಾಕಿ ಅಜ್ಜಿಯೊಬ್ಬರು ಫೋನ್ ಮಾಡಿ, ‘ಏನಮ್ಮಾ, ಪುಡಿ ಬೇರೆ ಯಾರ ಹತ್ರಾನಾದ್ರೂ ಮಾಡಿಸ್ತಿದ್ದೀರಾ?’ ಅಂದರು. ಫೋನ್ ಸ್ಪೀಕರ್‌ನಲ್ಲಿತ್ತು. ಅಮ್ಮನಿಗೂ ಕೇಳಿಸಿತು. ಆ ವಾರವೇ ಆ್ಯಪ್‌ನಿಂದ ಬಿಸಿಬೇಳೆಬಾತ್ ಪುಡಿ ತೆಗೆಸಿದೆ.

ಈಗ ವಾಟ್ಸಾಪ್. ಗುರುವಾರ ರಾತ್ರಿವರೆಗೆ ಆರ್ಡರ್ ತಗೋತೀವಿ. ಶುಕ್ರವಾರ ಹುರಿಯೋದು, ಶನಿವಾರ ಬೆಳಗ್ಗೆ ಮಿಲ್, ಮಧ್ಯಾಹ್ನ ಪ್ಯಾಕಿಂಗ್. ಹುರಿದ ದಿನಾಂಕವನ್ನು ಅಮ್ಮನೇ ಪ್ಯಾಕೆಟ್ ಮೇಲೆ ಕೈಯಲ್ಲಿ ಬರೆಯುತ್ತಾರೆ. ಬಂದಷ್ಟೇ ಆರ್ಡರ್‌ಗೆ ಮಾಡೋದರಿಂದ ಕೊಬ್ಬರಿ ಕಮಟಾಗುವ ಮಾತೇ ಇಲ್ಲ.

ತೊಂದರೆ ಇಲ್ಲ ಅಂತಲ್ಲ. ಒಂದೇ ಪ್ಯಾಕೆಟ್ ವೈಟ್‌ಫೀಲ್ಡ್‌ಗೆ ಕಳಿಸಿದರೆ ಬೈಕ್‌ನವರ ಚಾರ್ಜೇ ಪುಡಿಗಿಂತ ಜಾಸ್ತಿ. ಅದಕ್ಕೆ ಒಂದು ಅಪಾರ್ಟ್‌ಮೆಂಟ್‌ನಿಂದ ಐದು ಪ್ಯಾಕೆಟ್ ಸೇರಿದರೆ ಮಾತ್ರ ಕಳಿಸುತ್ತೇವೆ. ರಾತ್ರಿ ಹತ್ತರ ಮೇಲೂ ಮೆಸೇಜ್ ಬರುತ್ತವೆ.

ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಎರಡಕ್ಕೂ ಬೇಕು. ಮನೆಯಲ್ಲೇ ಮಾಡಿದರೂ ಆ 14 ಅಂಕಿಯ ನೋಂದಣಿ ಸಂಖ್ಯೆ ಪ್ಯಾಕೆಟ್ ಮೇಲೆ ಇರಲೇಬೇಕು.

ತಿಂಗಳಿಗೆ 40 ಕೆಜಿ ಮಾಡುವ, ಕೆಲಸದವರನ್ನು ಇಟ್ಟುಕೊಳ್ಳಲಾಗದ ನಮಗೆ ವಾಟ್ಸಾಪೇ ಸರಿ. ದಿನವೂ ಮಾಲು ಹೋಗಲೇಬೇಕು ಅನ್ನುವವರಿಗೆ ಇದು ಸಾಲದು. ಸಾರಿನ ಪುಡಿಗೆ ನಾವು ಕೊಬ್ಬರಿ ಹಾಕೋದೇ ಇಲ್ಲ. ಅದನ್ನು ಈಗಲೂ ಆ್ಯಪ್‌ಗೆ ಕೊಡುತ್ತಿದ್ದೇವೆ, ಅಮ್ಮನ ಅಳತೆಯಲ್ಲೇ.