ಕಾರವಾರದ ಪೇಟೆಯೋ, ಶಿರಸಿಯ ಪೇಟೆಯೋ?

ಸಣ್ಣ ಅಂಗಡಿಗಳ ನಡುವೆ, ಕಡಿಮೆ ಬಾಡಿಗೆಯ ಮನೆ ಅಲ್ವಾ ನಿಮಗೆ ಬೇಕಿರುವುದು? ಎರಡೂ ಊರಲ್ಲಿ ಹಳೆಯ ಹಂಚಿನ ಮನೆ ನೋಡಿ. ಒಡೆದ ಹಂಚು ಬದಲಿಸುವ ಖರ್ಚು ಯಾರದ್ದೆಂದು ಮೊದಲೇ ಮಾತಾಡಿಕೊಳ್ಳಿ.

ಕಾರವಾರದ ಉಪ್ಪು ಗಾಳಿಗೆ ಕಿಟಕಿ ಸರಳು, ಸೈಕಲ್ ಚೈನು ಎಲ್ಲಕ್ಕೂ ತುಕ್ಕು. ನಮ್ಮ ಗೇಟಿನ ಚಿಲಕ ಎರಡನೇ ಮಳೆಗಾಲಕ್ಕೇ ಕೈಗೆ ಬಂತು! ಶಿರಸಿಯಲ್ಲಿ ಬೂಷ್ಟು ಜಾಸ್ತಿ. ಚಪ್ಪಲಿ, ಬೆಲ್ಟು, ಪುಸ್ತಕ ಯಾವುದನ್ನೂ ಬಿಡುವುದಿಲ್ಲ.

ದಿನಾ ತಾಜಾ ಮೀನು, ಭಾನುವಾರದ ಸಂತೆ, ರೈಲು ಬೇಕೆಂದರೆ ಕಾರವಾರ. ಸ್ಟೇಷನ್ ಮಾತ್ರ ಊರ ಹೊರಗೆ, ಶಿರವಾಡದಲ್ಲಿ. ಸೆಕೆ ತಡೆಯದವರಿಗೆ, ಹುಬ್ಬಳ್ಳಿಗೆ ಓಡಾಡುವವರಿಗೆ ಶಿರಸಿ ಅನುಕೂಲ. ಆದರೆ ಬಿಡಕಿಬೈಲಿನ ಹತ್ತಿರ ಮನೆ ಹಿಡಿದರೆ, 2 ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಇರುವುದಿಲ್ಲ. ನೆಂಟರಿಗಂತೂ ಲೆಕ್ಕವೇ ಇಲ್ಲ.