ಕನ್ನ ಹಾಕುವ ಚಾಪ್ಲಿನ್: ಮೊದಲು ‘ದಿ ಬ್ಯಾಂಕ್’ ನೋಡಬೇಕಾ, ‘ಪೊಲೀಸ್’ ನೋಡಬೇಕಾ?

ತಿಜೋರಿ, ಕನ್ನ, ಪೊಲೀಸರು ಅಂತ ನಗಿಸುವ ಚಾಪ್ಲಿನ್ ಮೂಕಿ ಚಿತ್ರ ಬೇಕೆಂದರೆ ನಾನು ಎರಡು ಹೆಸರು ಹೇಳುತ್ತೇನೆ. 1915ರ ‘ದಿ ಬ್ಯಾಂಕ್’ ಮತ್ತು 1916ರ ‘ಪೊಲೀಸ್’. ಎರಡೂ ಎಸ್ಸನೇ ಎಂಬ ಚಿತ್ರ ಕಂಪನಿಯವು, ಎರಡು ರೀಲಿನವು, ಅಂದರೆ ಚಿಕ್ಕ ಚಿತ್ರಗಳು. ಎರಡರಲ್ಲೂ ನಾಯಕಿಯಾಗಿ ನಟಿ ಎಡ್ನಾ ಪರ್ವಿಯನ್ಸ್ ಇದ್ದಾಳೆ. ಒಂದೇ ಸಂಜೆ ಒಂದರ ಹಿಂದೆ ಒಂದು ನೋಡಿದೆ.

ತಿಜೋರಿಯ ತಮಾಷೆ ಮಾತ್ರ ಸಾಕು ಅನ್ನುವವರಿಗೆ ‘ದಿ ಬ್ಯಾಂಕ್’. ಚಾರ್ಲಿ (ಚಾಪ್ಲಿನ್‌ನ ಪಾತ್ರ) ಬ್ಯಾಂಕಿಗೆ ಮಾಲೀಕನ ಗತ್ತಿನಲ್ಲಿ ಬಂದು ನೆಟ್ಟಗೆ ತಿಜೋರಿಯ ಹತ್ತಿರ ಹೋಗುತ್ತಾನೆ. ಭಾರೀ ಕಬ್ಬಿಣದ ಬಾಗಿಲು. ಡಯಲ್ಲನ್ನು ಶ್ರದ್ಧೆಯಿಂದ ತಿರುಗಿಸುತ್ತಾನೆ. ಬಾಗಿಲು ತೆರೆಯುತ್ತದೆ. ಒಳಗಿಂದ ತರುವುದು ಬಕೆಟ್ಟು, ನೆಲ ಒರೆಸುವ ಮಾಪು! ಅವನು ಅಲ್ಲಿ ಕಸ ಗುಡಿಸುವವನು. ಅಲ್ಲಿಯವರೆಗೆ ಅವನ ಮುಖದಲ್ಲಿ ನಗುವಿನ ಸುಳಿವೇ ಇಲ್ಲ, ಅದಕ್ಕೇ ನಮಗೆ ಅಷ್ಟು ನಗು. ಆಮೇಲೆ ಮಾಪಿನಿಂದ ಏಟು ಕೊಡುವ ಆಟ ಜಾಸ್ತಿಯಾಯಿತು. ಬ್ಯಾಂಕಿಗೆ ನುಗ್ಗಿದ ದರೋಡೆಕೋರರನ್ನು ಸದೆಬಡಿದು, ತಾನು ಮೆಚ್ಚಿದ ಎಡ್ನಾಳನ್ನು ಗೆಲ್ಲುವುದು ಬರೀ ಕನಸು. ಎಚ್ಚರವಾದಾಗ ಅವನ ಕೈಯಲ್ಲಿರುವುದು ಮಾಪು. ಪಾಪ ಅನಿಸುತ್ತದೆ.

‘ಪೊಲೀಸ್’ನಲ್ಲಿ ಅವನು ನಿಜವಾಗಿಯೂ ಕಳ್ಳ. ಜೈಲಿನಿಂದ ಹೊರಬಿದ್ದ ಚಾರ್ಲಿಗೆ ಹಳೇ ಜೈಲು ಗೆಳೆಯ ಸಿಗುತ್ತಾನೆ. ಇಬ್ಬರೂ ಒಂದು ಮನೆಗೆ ಕನ್ನ ಹಾಕಲು ಹೊರಡುತ್ತಾರೆ. ಕಿಟಕಿಯ ಜೊತೆ ಗುದ್ದಾಡಿ ಸುಸ್ತಾದ ಮೇಲೆ ಗೊತ್ತಾಗುತ್ತದೆ, ಮುಂಬಾಗಿಲಿಗೆ ಬೀಗವೇ ಹಾಕಿಲ್ಲ! ಆ ಮನೆಯ ಮಗಳು ಎಡ್ನಾ ಫೋನ್ ಮಾಡಿದರೆ ಪೊಲೀಸರು ಆರಾಮಾಗಿ ಚಹಾ ಕುಡಿಯುತ್ತಿರುತ್ತಾರೆ. ಆದರೆ ನನ್ನನ್ನು ಹಿಡಿದಿಟ್ಟದ್ದು ಮುಂದಿನದು. ಮಹಡಿಯಲ್ಲಿ ಕಾಯಿಲೆಯ ತಾಯಿ ಇದ್ದಾಳೆ, ಮೇಲೆ ಹೋಗಬೇಡಿ ಎಂದು ಎಡ್ನಾ ಬೇಡುತ್ತಾಳೆ. ಗೆಳೆಯ ಕೇಳುವುದಿಲ್ಲ. ಚಾರ್ಲಿ ಅವನಿಗೇ ಅಡ್ಡ ನಿಲ್ಲುತ್ತಾನೆ. ಪೊಲೀಸರು ಬಂದಾಗ ಇವನು ನನ್ನ ಗಂಡ ಅಂತ ಹೇಳಿ ಅವಳೇ ಉಳಿಸುತ್ತಾಳೆ. ಕೆಲಸ ಬಾರದ ಕಳ್ಳನಿಗೆ ಮನಸ್ಸು ಮಾತ್ರ ಚೆನ್ನಾಗಿದೆ ಅಂತ ಒಂದೂ ಮಾತಿಲ್ಲದೆ ತೋರಿಸಿದ್ದಾರೆ, ದೊಡ್ಡ ವಿಷಯ ಅಲ್ವಾ? ನನ್ನ ಓಟು ಇದಕ್ಕೇ.

ತಿಜೋರಿಯ ಆಟವೇ ಇಷ್ಟವಾದರೆ ಮೂಕಿ ಕಾಲದ ಇನ್ನೊಬ್ಬ ಹಾಸ್ಯನಟ ಬಸ್ಟರ್ ಕೀಟನ್‌ನ 1924ರ ‘ಶೆರ್ಲಾಕ್ ಜೂನಿಯರ್’ ಕೂಡ ನೋಡಿ. ಅದು ಇವುಗಳಿಗಿಂತ ಉದ್ದದ ಚಿತ್ರ. ಪತ್ತೇದಾರ ತನ್ನ ಮನೆಯ ತಿಜೋರಿ ತೆರೆದು ಅದರ ಮೂಲಕ ಸೀದಾ ಬೀದಿಗೆ ಕಾಲಿಡುತ್ತಾನೆ.

ಯಾವುದನ್ನು ನೋಡಿದರೂ ಸಿಕ್ಕ ಸಿಕ್ಕ ಪ್ರತಿ ಹಾಕಬೇಡಿ. ಆಗಿನ ಚಿತ್ರಗಳನ್ನು ಸೆಕೆಂಡಿಗೆ 24 ಫ್ರೇಮಿಗಿಂತ (ಬಿಡಿ ಚಿತ್ರಗಳಿಗಿಂತ) ಕಡಿಮೆ ವೇಗದಲ್ಲಿ ತೆಗೆಯುತ್ತಿದ್ದರು. ಅದನ್ನೇ 24ರಲ್ಲಿ ಓಡಿಸಿದರೆ ಎಲ್ಲರೂ ಸುಮ್ನೆ ಗಡಿಬಿಡಿಯಲ್ಲಿ ಕುಣಿದಂತೆ ಕಾಣುತ್ತದೆ. ಡಯಲ್ ತಿರುಗಿಸುವ ಆ ಗಾಂಭೀರ್ಯ ಹಾಳಾಗುತ್ತದೆ. ವೇಗ ಸರಿಪಡಿಸಿದ, ಹೊಸದಾಗಿ ಶುಚಿ ಮಾಡಿದ ಪ್ರತಿಯನ್ನೇ ಹುಡುಕಿ.